ಹಾಲಪ್ಪನ ಮೋರಿಯ ಕಪ್ಪೆ

ನಮ್ಮೂರಿನ ಚರಿತ್ರೆಯನ್ನು ಯಾರಾದರೂ ಬರೆಯಲು ಕೂತರೆ, ಊರು ಕಟ್ಟಿದವರು ಯಾರು, ಕೆರೆ ತೋಡಿಸಿದವರು ಯಾರು ಎಂಬಂಥ ಚಿಲ್ಲರೆ ವಿಷಯಗಳನ್ನೆಲ್ಲ ಹಿಂದಕ್ಕೆ ಸರಿಸಿ, ಹಾಲಪ್ಪನ ಹಿಟ್ಟಿನ ಗಿರಣಿಯ ಹಿಂದಿನ ಮೋರಿಯಲ್ಲಿ ಒಂದು ಕಪ್ಪೆ ಕೂಗಿತು ಎಂಬಲ್ಲಿಂದಲೇ ಶುರು ಮಾಡಬೇಕು. ನಾನು ಅಲ್ಲಿದ್ದೆ. ಕೈಯಲ್ಲಿ ಜೋಳದ ಡಬ್ಬಿ ಇತ್ತು. ಮಳೆಗಾಲ ಇನ್ನೇನು ಮುಗಿಯುವುದರಲ್ಲಿತ್ತು. ಸರದಿ ಉದ್ದವಿತ್ತು, ಎಲ್ಲರೂ ಗಿರಣಿಯ ಸದ್ದಿನ ಮೇಲೆ ದನಿಯೇರಿಸಿ ಹರಟುತ್ತಿದ್ದರು. ಅಷ್ಟರಲ್ಲಿ ಕರೆಂಟು ಹೋಯಿತು. ಬೆಲ್ಟು ಪಟಪಟ ಬಡಿದುಕೊಂಡು ನಿಂತಿತು. ಆ ನಿಶ್ಶಬ್ದದಲ್ಲಿ ಗೋಡೆಯ ಆಚೆಯಿಂದ, ಮದುವೆ ಊಟ ಮುಗಿಸಿದ ಮುದುಕರೊಬ್ಬರು ತೇಗಿದ ಹಾಗೆ ಒಂದು ದನಿ ಬಂತು. "ಊಂವ್."

ಹಾಲಪ್ಪ ಹಿಟ್ಟಿನ ಚೀಲದ ಬಾಯಿ ಹಿಡಿದು ನಿಂತಿದ್ದವನು ಹಿಡಿದುಕೊಂಡೇ ನಿಂತ. ಮತ್ತೊಮ್ಮೆ, ಇನ್ನೂ ಸ್ಪಷ್ಟವಾಗಿ, "ಊಂವ್."

ಸರದಿಯ ಮೊದಲಿಗೆ ನಿಂತಿದ್ದ ರುದ್ರಮ್ಮ ಕೆಮ್ಮಿದಳು. ಆಕೆಗೆ ಕೆಮ್ಮು ಇರಲಿಲ್ಲ. ಆಕೆ ಕೆಮ್ಮಿದ್ದೇ ತಡ, ಹಿಂದಿನವರೂ ಕೆಮ್ಮಿದರು, ಅವರ ಹಿಂದಿನವರೂ ಕೆಮ್ಮಿದರು. ಅಲ್ಲಿದ್ದವರೆಲ್ಲ ಎದೆ ಕಿತ್ತುಬರುವ ಹಾಗೆ ಕೆಮ್ಮುತ್ತ, ಒಬ್ಬರ ಮುಖ ಒಬ್ಬರು ನೋಡದೆ ನಿಂತರು.

"ಏನ್ ಘಾಟಪ್ಪಾ! ಮುಂಚೆ ಮೆಣಸಿನಕಾಯಿ ಹಾಕಿದ್ದೇನಪ್ಪಾ ಹಾಲಪ್ಪಾ?" ಎಂದಳು ರುದ್ರಮ್ಮ, ಕಣ್ಣೊರೆಸಿಕೊಳ್ಳುತ್ತ.

"ಇಲ್ಲ. ರಾಗಿ," ಎಂದ ಹಾಲಪ್ಪ.

ಕರೆಂಟು ಬರುವವರೆಗೂ ಜನ ಕೆಮ್ಮಿದರು. ಬಂದಮೇಲೆ ಎಲ್ಲರಿಗೂ ಗುಣವಾಯಿತು.

ನಮ್ಮಲ್ಲಿ ಕಾಡು ಎಲ್ಲಿ ಮುಗಿದು ಊರು ಎಲ್ಲಿ ಶುರುವಾಗುತ್ತದೆ ಎಂಬುದನ್ನು ಹೇಳುವುದು ಕಪ್ಪೆಗಳು. ಮಳೆಗಾಲದ ಕೊನೆಗೆ, ದೀಪ ಹಚ್ಚುವ ಹೊತ್ತಿನಲ್ಲಿ, ಗೊತ್ತುಮಾಡಿದ ಮೂರು ಸಂಜೆಯೂ ಒಂದೇ ಜಾಗದಲ್ಲಿ ಕಪ್ಪೆ ಕೂಗಿದರೆ ಆ ಜಾಗ ಕಾಡು. ಕೂಗದಿದ್ದರೆ ಊರು. ಅದಕ್ಕೆ ತಕ್ಕಂತೆ ಮಾರನೆಯ ಬೆಳಿಗ್ಗೆ ಗಡಿಕಲ್ಲನ್ನು ಎತ್ತಿ ಇಡುತ್ತಾರೆ. ಎತ್ತಲು ಸುಲಭವಾಗಲೆಂದು ಅದಕ್ಕೆ ಎರಡು ಕಬ್ಬಿಣದ ಬಳೆ ಹಾಕಿಸಿದೆ. ಕಾಡಿಗೆ ಬಿದ್ದ ಮನೆಯವರು ಮನೆ ಬಿಡಬೇಕಾಗಿಲ್ಲ, ಕಾಡಿನಲ್ಲಿ ಇರುವ ಹಾಗೆ ಇದ್ದರಾಯಿತು. ದೀಪವಿಲ್ಲ, ಬಾಗಿಲಿಗೆ ಅಗುಳಿಯಿಲ್ಲ, ಯಂತ್ರವಿಲ್ಲ, ಪಿಸುಮಾತಿಗಿಂತ ಗಟ್ಟಿ ಮಾತಿಲ್ಲ. ಒಲೆಯ ಬೆಂಕಿ ದೀಪವಲ್ಲ ಎಂದು ಹಿಂದೆ ಯಾರೋ ಪುಣ್ಯಾತ್ಮರು ತೀರ್ಮಾನಿಸಿರುವುದರಿಂದ ಅಡುಗೆ ನಡೆಯುತ್ತದೆ. ಆಚೆಯ ಮನೆಗಳಲ್ಲಿ ಅಡುಗೆ ಬಹಳ ಹೊತ್ತು ಹಿಡಿಯುತ್ತದೆ. ಅಲ್ಲಿನ ಮಕ್ಕಳು ಮಾತು ಕಲಿಯುವ ಮೊದಲು ಸೆರಗಿನೊಳಗೆ ಸೀನುವುದನ್ನು ಕಲಿಯುತ್ತವೆ. ಗಂಡಹೆಂಡಿರಿಗೆ ಜಗಳ ಬಂದರೆ ಇಬ್ಬರೂ ಚಪ್ಪಲಿ ಮೆಟ್ಟಿಕೊಂಡು ಕಲ್ಲು ದಾಟಿ ಈಚೆ ಬರುತ್ತಾರೆ. ಮನಸಾರೆ ಕಿರುಚಾಡಿ, ಮುಗಿದಮೇಲೆ ಜೊತೆಯಾಗಿ ಆಚೆ ಹೋಗುತ್ತಾರೆ. ಕಲ್ಲಿನ ಪಕ್ಕ ಮನೆ ಮಾಡಿರುವವರಿಗೆ ಸಂಜೆ ಹೊತ್ತು ಬೇಸರವೆಂಬುದಿಲ್ಲ.

ಕಪ್ಪೆಯನ್ನು ಎತ್ತಿ ಬೇರೆ ಕಡೆ ಬಿಡುವ ಹಾಗಿಲ್ಲ. ಹಾಗೆ ಬಿಟ್ಟವನ ಮನೆಯನ್ನು ಕೇಳುವುದು ಗೀಳುವುದು ಏನೂ ಇಲ್ಲದೆ ಕಾಡಿಗೆ ಸೇರಿಸುತ್ತಾರೆ. ಹಿಂದೆ ಒಬ್ಬ ಬಕೀಟಿನಲ್ಲಿ ಸಾಗಿಸಿದ್ದ. ಅವನ ಷಡ್ಡಕನೇ ಹೇಳಿಬಿಟ್ಟ.

ಕೇಳುವ ಕೆಲಸದವರಿಗೆ ನಮ್ಮಲ್ಲಿ ಕಿವಿಯವರು ಎನ್ನುತ್ತಾರೆ. ಸಂಬಳವಿಲ್ಲ, ಮರ್ಯಾದೆಯೂ ಅಷ್ಟಕ್ಕಷ್ಟೆ. ಆ ವರ್ಷ ನಾವು ಮೂವರಿದ್ದೆವು. ಊರಿನ ವಾಚನಾಲಯ ನೋಡಿಕೊಳ್ಳುವ ನಾನು, ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟ್ರು ವಾಮನಮೂರ್ತಿ, ನಮ್ಮಿಬ್ಬರಿಗೂ ಹಿರಿಯನಾಗಿ ಹಾಲಪ್ಪ. ಗಡಿಯ ಕೆಲಸವೇನೋ ವರ್ಷಕ್ಕೊಮ್ಮೆ. ಉಳಿದಂತೆ ಭಾನುವಾರ ಬೆಳಿಗ್ಗೆ ಕಾಡು ಸುತ್ತುತ್ತಿದ್ದೆವು. ಕಲ್ಲು ಮಗುಚಿ ಕೆಳಗೆ ಯಾರಿದ್ದಾರೆಂದು ನೋಡುವುದು, ನೋಡಿ ಕಲ್ಲನ್ನು ಇದ್ದ ಹಾಗೇ ಇಡುವುದು. ಹಾವುರಾಣಿ, ಓತಿಕ್ಯಾತ, ಬಿಲದ ಬಾಯಲ್ಲಿ ಬಿಸಿಲು ಕಾಯಿಸುವ ಉಡ, ಪೊದೆಗೆ ಸಿಕ್ಕಿಕೊಂಡ ಹಾವಿನ ಪೊರೆ, ನೀರಿನ ಗುಂಡಿಯಲ್ಲಿ ಬಾಲ ಉದುರಿಸಿಕೊಳ್ಳುತ್ತಿರುವ ಮರಿಕಪ್ಪೆ, ಎಲ್ಲವನ್ನೂ ಎಣಿಸುತ್ತಿದ್ದೆವು. ಹಾವು ಹಲ್ಲಿಗಳಿಗೆ ಗಡಿಯ ವಿಷಯದಲ್ಲಿ ಮಾತಿಲ್ಲ. ಅವು ಎಲ್ಲಿಗೆ ಬೇಕಾದರೂ ಹೋಗುತ್ತವೆ, ಎಲ್ಲಿಯೂ ಏನೂ ಹೇಳುವುದಿಲ್ಲ. ಆದರೂ ಎಣಿಸುತ್ತಿದ್ದೆವು. ಯಾಕೆಂದು ಕೇಳಿದರೆ ಮೇಷ್ಟ್ರು, "ಅವೂ ಇವೆಯಲ್ರೀ," ಎನ್ನುತ್ತಿದ್ದರು.

ಹಾಲಪ್ಪ ಹುಟ್ಟಿದಾಗಿನಿಂದ ಗಿರಣಿಯೊಳಗೆ ಬೆಳೆದವನು. ಅವನ ದನಿಗೆ ಎರಡೇ ಅಳತೆ: ಕೂಗು, ಇಲ್ಲವೆ ಮೌನ. ನಡುವಿನದು ಬಾರದು. ಊರಿನಲ್ಲಿ ಕೂಗುತ್ತಿದ್ದ, ಕಾಡಿನಲ್ಲಿ ಸುಮ್ಮನಿರುತ್ತಿದ್ದ. ಕಿವಿ ಮಾತ್ರ ಬೇರೆಯದೇ. ಗಿರಣಿ ಗಡಗಡ ಓಡುತ್ತಿರುವಾಗ ತಲೆಯನ್ನು ಒಂದಿಷ್ಟು ಎಡಕ್ಕೆ ವಾಲಿಸಿ, "ಬೆಲ್ಟು ಸಡ್ಲ ಆಗೈತೆ," ಎನ್ನುವನು. ನಿಲ್ಲಿಸಿ ನೋಡಿದರೆ ಬೆರಳು ತೂರುವಷ್ಟು ಸಡಿಲವಾಗಿರುತ್ತಿತ್ತು.

ಆ ಕಿವಿಯಿಂದಲೇ ನಾಲ್ಕು ವರ್ಷದ ಹಿಂದೆ ಅವನು ತನ್ನ ಸ್ವಂತ ಅಕ್ಕ ನೀಲಮ್ಮನ ಮನೆಯನ್ನು ಕಾಡಿಗೆ ಸೇರಿಸಿದ್ದ. ಅವಳ ಹಿತ್ತಲಿನಲ್ಲಿ ಬುಡ್ಡಗಪ್ಪೆಯೊಂದು ಕೂಗಿತ್ತು, ಗೇಣು ದೂರಕ್ಕಷ್ಟೇ ಕೇಳುವ ಹಾಗೆ ಸಣ್ಣಗೆ. ಉಳಿದಿಬ್ಬರು ಕಿವಿಯವರಿಗೆ ಕೇಳಿರಲಿಲ್ಲ. ಆದರೆ ನಮ್ಮ ನಿಯಮದಲ್ಲಿ ಮೂವರ ಪೈಕಿ ಒಬ್ಬರಿಗೆ ಕೇಳಿದರೂ ಸಾಕು, ಕೇಳದ ಇಬ್ಬರು ಕಿವುಡರೆಂದು ಲೆಕ್ಕ. ಹಾಲಪ್ಪ ಕಲ್ಲಿನ ಬಳಿ ನಿಂತು, "ಕೇಳ್ತು," ಎಂದಿದ್ದ. ಗಿರಣಿಗೂ ನೀಲಮ್ಮನ ಮನೆಗೂ ಮಧ್ಯೆ ಕಲ್ಲು ಬಂದು ಕೂತಿತು.

ನೀಲಮ್ಮ ರವಿಕೆ ಹೊಲಿಯುವವಳು. ಹೊಲಿಗೆ ಯಂತ್ರವೂ ಯಂತ್ರವೇ ಆದ್ದರಿಂದ ಅದನ್ನು ಹೊತ್ತು ತಂದು ಕಲ್ಲಿನ ಈಚೆ ಬದಿಗೆ ಒಂದು ತಗಡು ಹೊದೆಸಿ ಕೂತಳು. ಮನೆಯಲ್ಲಿ ರಾತ್ರಿಯೆಲ್ಲ ಪಿಸುಗುಟ್ಟಿ ಕಟ್ಟಿಟ್ಟುಕೊಂಡದ್ದನ್ನು ಹಗಲಿನಲ್ಲಿ ತಮ್ಮನ ಮೇಲೆ ಬಿಚ್ಚುತ್ತಿದ್ದಳು. ಅವನು ಗಿರಣಿಯ ಬಾಗಿಲಿಗೆ ಬಂದರೆ ಸಾಕು.

"ಒಂದ್ ಸಲ ಕಿವಿ ತುರಿಸ್ಕೊಂಡಿದ್ರೆ ಆಗ್ತಿತ್ತಲ್ಲೋ ಹಾಲಾ! ಆ ಗಳಿಗೇಲಿ ಕಿವಿ ಕೆರೀತು, ಕೇಳ್ಲಿಲ್ಲ ಅಂದಿದ್ರೆ ನಿಮ್ಮಪ್ಪನ ಗಂಟೇನ್ ಹೋಗ್ತಿತ್ತು?"

"ನಮ್ಮಪ್ಪನ ಗಂಟು ನಿಂದೂ ಹೌದಲ್ಲಕ್ಕಾ," ಎಂದು ಹಾಲಪ್ಪ ಕೂಗುವನು.

"ಆ ಗಂಟು ಮಿಷನ್ ಆತು, ನಿನ್ ಪಾಲಿಗೆ ಬಂತು. ನನ್ ಪಾಲಿಗೆ ಮನೆ ಬಂತು, ಅದನ್ನ ಕಪ್ಪೆಗೆ ಕೊಟ್ಟೆ."

"ಕೇಳಿದ್ದು ಕೇಳ್ತು ಕಣಕ್ಕಾ."

ಈ ಮಾತುಕತೆ ನಾಲ್ಕು ವರ್ಷದಿಂದ ಹೆಚ್ಚು ಕಡಿಮೆ ಇದೇ ಮಾತುಗಳಲ್ಲಿ ನಡೆಯುತ್ತಿತ್ತು. ರವಿಕೆ ಹೊಲಿಸಲು ಬಂದವರಿಗೆ ಬಾಯಿಪಾಠವಾಗಿತ್ತು. ಆದರೂ ಆಚೆ ಹೋಗುವಾಗ ನೀಲಮ್ಮ ದಿನವೂ ತಮ್ಮನ ಗಿರಣಿಯಿಂದ ರಾಗಿಹಿಟ್ಟು ಕೊಂಡೊಯ್ಯುತ್ತಿದ್ದಳು. ಅವಳ ಹಿಟ್ಟನ್ನು ಅವನು ಎರಡು ಸಲ ಬೀಸುತ್ತಿದ್ದ.

ಇಂಥವನ ಮೋರಿಯಲ್ಲಿ ಕಪ್ಪೆ ಕೂಗಿತ್ತು. ಊರಿಗೆ ಇದ್ದದ್ದು ಅದೊಂದೇ ಗಿರಣಿ. ಇನ್ನೊಂದು ಗುಡ್ಡದಾಚೆಯ ಊರಿನಲ್ಲಿದೆ, ಅಲ್ಲಿ ಬೀಸಿದ ಹಿಟ್ಟು ತರಿತರಿ. ರೊಟ್ಟಿ ತಟ್ಟಿದರೆ ಅಂಚು ಸೀಳುತ್ತದೆ.

ಯಾರೂ ಸಭೆ ಸೇರಲಿಲ್ಲ, ಯಾರೂ ಉಪಾಯ ಹೇಳಲಿಲ್ಲ. ಮಾರನೆಯ ದಿನ ಬೆಳಿಗ್ಗೆ ಗಿರಣಿಗೆ ಒಂದು ನರಪಿಳ್ಳೆಯೂ ಬರಲಿಲ್ಲ. ಸಂಜೆ ದೀಪ ಹಚ್ಚುವ ಹೊತ್ತಿಗೆ ರುದ್ರಮ್ಮ ಚೀಲ ಹೊತ್ತು ಬಂದಳು. "ಬೆಳಿಗ್ಗೆ ಪುರಸೊತ್ತೇ ಆಗಲ್ಲಪ್ಪಾ ಹಾಲಪ್ಪಾ. ಇನ್ಮೇಲೆ ಸಂಜೆಗೇ ಬರ್ತೀನಿ," ಎಂದಳು. ಅವಳ ಹಿಂದೆ ಬಂದವರಿಗೂ ಬೆಳಿಗ್ಗೆ ಪುರಸೊತ್ತಿರಲಿಲ್ಲ. ಊರಿಗೆ ಊರೇ ಒಂದೇ ದಿನದಲ್ಲಿ ಅಷ್ಟು ಕೆಲಸಗಾರರಾದದ್ದನ್ನು ನಾನು ಮತ್ತೆ ನೋಡಿಲ್ಲ. ಹೊತ್ತು ಇಳಿಯುತ್ತಿದ್ದ ಹಾಗೆ ಗಿರಣಿ ಗಡಗಡ ಶುರುವಾದರೆ, ಕತ್ತಲೆ ಕವಿಯುವವರೆಗೂ ನಿಲ್ಲುತ್ತಿರಲಿಲ್ಲ. ಬೀಸಲು ಕಾಳು ಸಾಲದೆ ಬಂದಾಗ ಕೆಲವರು ಬೀಸಿದ ಹಿಟ್ಟನ್ನೇ ಮತ್ತೆ ತಂದರು. ಲೋಡು ಬಿದ್ದು ಕರೆಂಟು ಹೋದೀತೆಂಬ ಭಯಕ್ಕೆ ಆ ದಿನಗಳಲ್ಲಿ ಸಂಜೆ ಯಾರೂ ಇಸ್ತ್ರಿಪೆಟ್ಟಿಗೆ ಹಾಕಲಿಲ್ಲ. ಊರಿನ ಗಂಡಸರೆಲ್ಲ ಮುದುರಿದ ಅಂಗಿಯಲ್ಲಿ ಓಡಾಡಿದರು.

ಹಾಲಪ್ಪ ನನ್ನನ್ನೂ ಮೇಷ್ಟ್ರನ್ನೂ ಒಂದು ಬದಿಗೆ ಕರೆದು, ಗುಟ್ಟಾಗಿ ಹೇಳುವವನ ಹಾಗೆ ಬಗ್ಗಿ, ನಾಲ್ಕು ಬೀದಿಗೆ ಕೇಳುವಂತೆ ಹೇಳಿದ: "ನೋಡ್ರಿ, ನಾನು ಮಿಷನ್ ಓಡಿಸ್ತಿರೋದು ಜನ ಬರ್ತಾರೆ ಅಂತ. ಇನ್ನೊಂದಕ್ಕಲ್ಲ."

"ನಾವೆಲ್ಲಿ ಹಾಗಂದ್ವಿ ಹಾಲಪ್ನೋರೆ," ಎಂದರು ಮೇಷ್ಟ್ರು.

"ಹಂಗೇನಾದ್ರೂ ನಿಮಗೆ ಅನ್ನಿಸಿದ್ರೆ..."

"ಅನ್ನಿಸಿಲ್ಲ."

"ಅನ್ನಿಸಬೇಕಿತ್ತಲ್ಲ ಮತ್ತೆ," ಎಂದು ಹಾಲಪ್ಪ ನೆಲ ನೋಡಿದ.

ಕೇಳುವ ಸಂಜೆಗಳು ಹತ್ತಿರ ಬಂದವು. ಅಷ್ಟರಲ್ಲಿ ಒಂದು ಮಧ್ಯಾಹ್ನ ನೀಲಮ್ಮ ಹೊಲಿಗೆ ಬಿಟ್ಟೆದ್ದು ವಾಚನಾಲಯಕ್ಕೆ ಬಂದಳು. ಅಲ್ಲಿ ಗಟ್ಟಿ ಮಾತಾಡಬಾರದೆಂಬ ಹಲಗೆಯಿದೆ. ಊರಿನಲ್ಲಿ ಅದನ್ನು ಪಾಲಿಸುವವಳು ಅವಳೊಬ್ಬಳೇ, ಅಭ್ಯಾಸವಿತ್ತು. ನನ್ನ ಮೇಜಿಗೆ ಬಗ್ಗಿ ಮೆಲ್ಲಗೆ ಹೇಳಿದಳು: "ನಮ್ ಹಿತ್ಲಾಗೆ ಒಂದೂ ಕೂಗ್ತಿಲ್ಲ ಕಣ್ರಿ. ಒಂದು ವಾರ ಆತು. ನಿದ್ದೇನೇ ಹತ್ತವಲ್ದು."

"ಒಳ್ಳೇದಾಯ್ತಲ್ಲಮ್ಮ. ಮನೆ ಊರಿಗೆ ಬರುತ್ತೆ," ಎಂದೆ.

"ಬರತ್ತೆ. ಆದ್ರೆ ಎಲ್ಲಿ ಹೋದ್ವು?"

ಎಲ್ಲಿ ಹೋದವೆಂಬುದನ್ನು ಕಂಡುಹಿಡಿದವರು ಮೇಷ್ಟ್ರು. ಚಿತ್ರ ಬರೆಯುವುದಕ್ಕೆಂದು ಸಂಜೆ ಗಿರಣಿಯ ಹಿಂದೆ ಹೋದವರು ಕಾಗದ ಮಡಿಸಿಕೊಂಡು ಬಂದು ನನ್ನನ್ನು ಎಳೆದೊಯ್ದರು. ಮೋರಿಯ ಎರಡೂ ಅಂಚಿಗೆ, ಒದ್ದೆ ಕಲ್ಲುಗಳ ಮೇಲೆ, ಗೋಡೆಯ ಬಿರುಕಿನಲ್ಲಿ, ಬಿಸಾಡಿದ ತಗಡಿನ ಡಬ್ಬದಲ್ಲಿ ಬುಡ್ಡಗಪ್ಪೆಗಳು ಕೂತಿದ್ದವು. ಎಲ್ಲವೂ ಗಿರಣಿಯ ಗೋಡೆಗೇ ಮುಖ ಮಾಡಿದ್ದವು. ಒಳಗೆ ಯಂತ್ರ ದಬ್ ದಬ್ ಎನ್ನುತ್ತಿತ್ತು. ಅದು ಒಂದು ಸಲ ದಬ್ ಎಂದರೆ ಅಷ್ಟೂ ಗಂಟಲುಗಳು ಒಟ್ಟಿಗೆ ಬಲೂನಿನ ಹಾಗೆ ಊದಿಕೊಂಡು ಇಳಿಯುತ್ತಿದ್ದವು. ಕೂಗುತ್ತಿದ್ದವು ಎಂಬುದರಲ್ಲಿ ಸಂಶಯವಿರಲಿಲ್ಲ. ಒಂದು ಚೂರೂ ಕೇಳಿಸುತ್ತಿರಲಿಲ್ಲ.

ನಮ್ಮ ಹಿಂದೆಯೇ ಬಂದಿದ್ದ ರುದ್ರಮ್ಮ ಸೊಂಟಕ್ಕೆ ಕೈಕೊಟ್ಟು ನೋಡಿದಳು. ಮೇಷ್ಟ್ರು ಏನೋ ಹೇಳಲು ಬಾಯಿ ತೆರೆದರು.

"ನಿಮಗೇನಂತಾರೆ ಮೇಷ್ಟ್ರೆ?" ಎಂದಳು ಅವಳು, ಸದ್ದಿನ ಮೇಲೆ ಕೂಗುತ್ತ.

"ಏನಂತಾರೆ?"

"ಕಿವಿಯೋರು ಅಂತಾರೆ. ಕಣ್ಣಿನೋರು ಅಂತಾರಾ?"

ಮೇಷ್ಟ್ರು ಬಾಯಿ ಮುಚ್ಚಿದರು. ಆದರೆ ಹಾಲಪ್ಪನಿಗೆ ಹೇಳದಿರಲು ಅವರಿಂದಾಗಲಿಲ್ಲ. ಅಂದು ಗಿರಣಿ ನಿಂತಮೇಲೆ, ಹೊಸ್ತಿಲಲ್ಲಿ ಕೂತು ತಲೆಯ ಹಿಟ್ಟು ಕೊಡವಿಕೊಳ್ಳುತ್ತಿದ್ದವನ ಪಕ್ಕ ಕೂತು, ಮಗುವಿಗೆ ಹೇಳುವ ಹಾಗೆ ಹೇಳಿದರು: "ಅವು ನಿಮ್ಮ ಮಿಷನ್ನನ್ನ ಗಂಡುಗಪ್ಪೆ ಅಂತ ತಿಳ್ಕೊಂಡಿವೆ ಹಾಲಪ್ನೋರೆ. ಇಷ್ಟು ದಪ್ಪ ದನಿಯವನು ಇಲ್ಲಿದಾನೆ ಅಂದ್ರೆ ಜಾಗ ಚೆನ್ನಾಗೇ ಇರ್ಬೇಕು ಅಂತ, ನಿಮ್ಮಕ್ಕನ ಹಿತ್ತಲಿಂದ ಎಲ್ಲಾ ಎದ್ದು ಬಂದು ಇವನ ಜೊತೆ ಪಂದ್ಯ ಕಟ್ಟಿವೆ. ನೀವು ಓಡಿಸಿದಷ್ಟೂ ಬರ್ತವೆ."

ಹಾಲಪ್ಪ ಕೊಡವುತ್ತಲೇ ಕೇಳಿದ: "ನಿಲ್ಸಿದ್ರೆ ಹೋಗ್ತಾವಾ?"

"ಹೋಗಬಹುದು. ಆದ್ರೆ ನಿಲ್ಸಿದ ತಕ್ಷಣ ಕೇಳ್ತವೆ."

"ಮೊದ್ಲು ಒಂದೇ ಇತ್ತು," ಎಂದ ಹಾಲಪ್ಪ. ಅದನ್ನು ಅವನು ಕೂಗಿ ಹೇಳಲಿಲ್ಲ, ಹಾಗೆಂದು ಮೆಲ್ಲಗೂ ಹೇಳಲು ಬರದೆ, ಮಾತು ಅರ್ಧ ಗಂಟಲಲ್ಲೇ ಸಿಕ್ಕಿಕೊಂಡಿತು.

ಮೊದಲ ಸಂಜೆ ನಾವು ಮೂವರೂ ಮೋರಿಯ ಬಳಿ ನಿಂತೆವು. ಗಿರಣಿಯನ್ನು ಅವನ ಹೆಂಡತಿ ಓಡಿಸುತ್ತಿದ್ದಳು. ನನಗೆ ಗಿರಣಿ ಕೇಳಿಸಿತು. ಅದರೊಳಗೆ ಇನ್ನೇನಾದರೂ ಇತ್ತೇ ಎಂದರೆ ನಾನು ಆಣೆ ಮಾಡಲಾರೆ. ಕಣ್ಣಿಗೆ ಕಂಡದ್ದನ್ನು ಕಿವಿಯ ಲೆಕ್ಕಕ್ಕೆ ಹಾಕುವುದು ಸುಲಭ, ಅದಕ್ಕೇ ನಾನು ಕಣ್ಣು ಮುಚ್ಚಿಕೊಂಡಿದ್ದೆ. ತೆರೆದು ನೋಡಿದಾಗ ಹಾಲಪ್ಪನ ತಲೆ ಒಂದಿಷ್ಟು ಎಡಕ್ಕೆ ವಾಲಿತ್ತು. ಮೇಷ್ಟ್ರೂ ಅದನ್ನು ನೋಡಿದರು. ಎರಡನೆಯ ಸಂಜೆಯೂ ತಲೆ ವಾಲಿತ್ತು. ನೀಲಮ್ಮನ ಹಿತ್ತಲಿಗೂ ಹೋಗಿ ನಿಂತೆವು. ಕಲ್ಲಿನಾಚೆಯಿಂದ ಸಣ್ಣಗೆ ಬರುತ್ತಿದ್ದ ಗಿರಣಿಯ ಸದ್ದು ಬಿಟ್ಟರೆ ಅಲ್ಲಿ ಒಣ ಎಲೆ ಬಿದ್ದರೂ ಕೇಳುವಷ್ಟು ಮೌನವಿತ್ತು.

ಮೂರನೆಯ ಸಂಜೆ ಊರೆಲ್ಲ ಚೀಲ ಹೊತ್ತು ಬಂತು. ಅಷ್ಟು ಕಾಳು ಯಾರಿಗೂ ಬೇಕಾಗಿರಲಿಲ್ಲ. ಕೆಲವು ಚೀಲಗಳಲ್ಲಿ ತಲೆದಿಂಬಿನ ಹತ್ತಿಯಿತ್ತೆಂದು ಆಮೇಲೆ ತಿಳಿಯಿತು. ಕೇಳುವ ಹೊತ್ತು ಮುಗಿದು ನಾವು ಮೂವರೂ ಕಲ್ಲಿನ ಬಳಿಗೆ ಬಂದೆವು. ಗಿರಣಿ ಓಡುತ್ತಲೇ ಇತ್ತು. ನೀಲಮ್ಮ ತಗಡಿನ ಕೆಳಗೆ ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು. ನಮ್ಮ ಪದ್ಧತಿಯಲ್ಲಿ ಕಿರಿಯರು ಮೊದಲು ಹೇಳಬೇಕು. ನೀಲಮ್ಮನ ಹಿತ್ತಲಿನದು ಮೂರು ಬಾಯಿಂದಲೂ ಒಂದೇ ಬಂತು: ಕೇಳಲಿಲ್ಲ. ಅವಳ ಮನೆ ಊರಿಗೆ ಸೇರಿತು. ಅವಳು ತಲೆಯೆತ್ತಲಿಲ್ಲ.

ಆಮೇಲೆ ಗಿರಣಿಯ ಮೋರಿ.

"ಕೇಳಲಿಲ್ಲ," ಎಂದೆ ನಾನು.

"ಕೇಳಲಿಲ್ಲ," ಎಂದರು ಮೇಷ್ಟ್ರು.

ಹಾಲಪ್ಪ ಬಾಯಿ ತೆರೆಯುವಷ್ಟರಲ್ಲಿ ಹೊಲಿಗೆ ಯಂತ್ರದ ಸದ್ದು ನಿಂತಿತು. ನೀಲಮ್ಮ ಎದ್ದು ನಿಂತಿದ್ದಳು. ನಾಲ್ಕು ವರ್ಷ ಅವನ ಮೇಲೆ ಕೂಗಿದ್ದವಳು ಈಗ ಕೂಗಲಿಲ್ಲ. ಆದರೂ ಗಿರಣಿಯ ಸದ್ದಿನಲ್ಲಿ ಎಲ್ಲರಿಗೂ ಕೇಳಿಸಿತು, ಪಿಸುಗುಟ್ಟುವುದನ್ನು ದೂರಕ್ಕೆ ಮುಟ್ಟಿಸುವುದು ಆಚೆಯವರಿಗೆ ಗೊತ್ತು.

"ಹಾಲಾ. ಕಿವಿ ತುರಿಸ್ಕೊಳ್ಳೋ."

ಹಾಲಪ್ಪ ಅಕ್ಕನನ್ನು ನೋಡಿದ. ಸರದಿಯನ್ನು ನೋಡಿದ, ಬಾಗಿಲಲ್ಲಿ ಹಿಟ್ಟು ಮೆತ್ತಿಕೊಂಡು ನಿಂತಿದ್ದ ಹೆಂಡತಿಯನ್ನು ನೋಡಿದ. ಅವನ ಬಲಗೈ ಮೇಲಕ್ಕೆ ಎದ್ದಿತು, ಹೆಗಲವರೆಗೂ ಬಂತು. ಕೈ ಅಲ್ಲೇ ಒಂದು ಗಳಿಗೆ ನಿಂತು, ಹೆಗಲ ಮೇಲಿನ ಹಿಟ್ಟು ಕೊಡವಿ, ಕೆಳಗಿಳಿಯಿತು.

"ಕೇಳ್ತು ಕಣಕ್ಕಾ," ಎಂದು ಅವನು ಕೂಗಿದ. "ಮೂರೂ ಸಂಜೆ ಕೇಳ್ತು. ನಿನ್ ಹಿತ್ಲಾಗೆ ಅವತ್ತು ಕೂಗಿತ್ತಲ್ಲ, ಅದೂ ಐತೆ ಅದ್ರಾಗೆ. ಅದೇ ದನಿ."

ಯಾರೂ ಕೆಮ್ಮಲಿಲ್ಲ. ರುದ್ರಮ್ಮ ತನ್ನ ಚೀಲದ ಮೇಲೆಯೇ ಕೂತಳು. "ಕಲ್ಲು ಬರೋದು ಬೆಳಿಗ್ಗೆಗಲ್ವಾ. ಇದನ್ನ ಬೀಸ್ಕೊಟ್ಟುಬಿಡಪ್ಪಾ," ಎಂದಳು. ತಂದಿದ್ದವರದ್ದೆಲ್ಲವನ್ನೂ ಹಾಲಪ್ಪ ಬೀಸಿಕೊಟ್ಟ. ಅದರಲ್ಲಿ ಮುಕ್ಕಾಲು ಪಾಲು ಆಗಲೇ ಒಮ್ಮೆ ಬೀಸಿದ ಹಿಟ್ಟು. ಊರಿನವರು ಅಷ್ಟು ನುಣ್ಣನೆಯ ರೊಟ್ಟಿಯನ್ನು ಅದಕ್ಕೆ ಮೊದಲೂ ತಿಂದಿರಲಿಲ್ಲ, ಆಮೇಲೂ ತಿಂದಿಲ್ಲ.

ಬೆಳಿಗ್ಗೆ ನಾಲ್ವರು ಕಲ್ಲನ್ನೆತ್ತಿ ನೀಲಮ್ಮನ ಮನೆಯನ್ನು ಬಳಸಿ ತಂದು ಗಿರಣಿಯ ಈಚೆ ಇಟ್ಟರು. ಗಡಿ ನೆಟ್ಟಗಿರಬೇಕೆಂದು ಯಾರೂ ಹೇಳಿಲ್ಲ. ನೀಲಮ್ಮ ಹೊಲಿಗೆ ಯಂತ್ರವನ್ನು ಮನೆಯೊಳಗೆ ಸಾಗಿಸಿದಳು, ದೀಪ ಹಾಕಿದಳು. ಬಾಗಿಲಿಗೆ ಅಗುಳಿ ಮಾತ್ರ ಹಾಕಿಸಲಿಲ್ಲ, ಮರೆತೆ ಎಂದಳು. ಹಾಲಪ್ಪನ ದುರವಸ್ಥೆ ಬೇರೆ ಬಗೆಯದು. ಗಿರಣಿಯ ಹಿಂದಿನ ಎರಡು ಕೋಣೆಯಲ್ಲೇ ಅವನ ವಾಸ. ಪಿಸುಮಾತು ಬಾರದವನು ಮೊದಲ ಕೆಲವು ದಿನ ಹೆಂಡತಿಯ ಜೊತೆ ಕೈಸನ್ನೆಯಲ್ಲೇ ಸಂಸಾರ ಮಾಡಿದ. ಉಪ್ಪು ಕೇಳಬೇಕಾದರೂ ಕಲ್ಲು ದಾಟಿ ಬಂದು, "ಉಪ್ಪು!" ಎಂದು ಮನೆಯ ಕಡೆಗೆ ತಿರುಗಿ ಕೂಗುತ್ತಿದ್ದ.

ನೀಲಮ್ಮ ಈಗ ಸಂಜೆ ಹೊತ್ತು ಹೊಲಿಗೆ ಮುಗಿಸಿ ಆಚೆ ಹೋಗುತ್ತಾಳೆ. ನಿಂತ ಗಿರಣಿಯ ಹೊಸ್ತಿಲಲ್ಲಿ ಅಕ್ಕ ತಮ್ಮ ಕೂತಿರುತ್ತಾರೆ. ನಾನು ಒಮ್ಮೆ ಆ ದಾರಿಯಲ್ಲಿ ಬರುವಾಗ ಅವಳು ಪಾಠ ಹೇಳುತ್ತಿದ್ದಳು: "ಗಂಟ್ಲಿಂದ ಅಲ್ಲೋ, ಗಂಟ್ಲು ಬಿಟ್ಬಿಡು. ತುಟಿಯಿಂದ. ನನ್ನಂಗೆ ನೋಡು." ಹಾಲಪ್ಪ ತುಟಿ ಮುಂದೆ ಮಾಡಿದ, ಗಾಳಿ ಬಂತು. "ಹ್ಞಾ, ಅಂಗೇ. ಈಗ ಬಯ್ಯಿ ನನ್ನ," ಎಂದಳು. ಅವನು ಏನೋ ಬೈದ. ನನಗೆ ಕೇಳಲಿಲ್ಲ. ಅವಳು ಸೆರಗಿನೊಳಗೆ ನಕ್ಕಳು.

ಗಿರಣಿ ನಿಂತರೆ ಕಪ್ಪೆಗಳು ಹೊರಟುಹೋಗುತ್ತವೆ, ಮುಂದಿನ ವರ್ಷ ಗಿರಣಿ ಊರಿಗೆ ಬರುತ್ತದೆ ಎಂದು ಜನ ಕಾದರು. ಮುಂದಿನ ವರ್ಷವೂ ನಾವು ಮೂವರೇ ಹೋಗಿ ನಿಂತೆವು. ಯಂತ್ರದ ಸದ್ದಿಲ್ಲದೆ ಮೋರಿ ಮೊದಲಿಂದ ಕೊನೆಯವರೆಗೆ ಕೇಳಿಸಿತು. ನನಗೆ ಕೇಳಿತು, ಮೇಷ್ಟ್ರಿಗೆ ಕೇಳಿತು. "ಕೇಳ್ತು," ಎಂದ ಹಾಲಪ್ಪ, ಪಿಸುಮಾತಿನಲ್ಲಿ, ಸಾಕಷ್ಟು ಚೆನ್ನಾಗಿ.

ಈಗ ನಮ್ಮೂರಿನವರು ಹಿಟ್ಟು ಬೀಸಿಸಲು ಗುಡ್ಡದಾಚೆಯ ಊರಿಗೆ ಹೋಗುತ್ತಾರೆ. ಹಿಟ್ಟು ತರಿತರಿಯಾಗಿರುತ್ತದೆ.